ಭಾನುವಾರದ ದುಡಿಮೆ ಯಾವ ಪುಸ್ತಕದಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಕೆಲಸ ಅಂದರೆ ಹತ್ತಕ್ಕೆ ಹೋಗಿ ಐದೂವರೆಗೆ ಎದ್ದು ಬರುವುದು ಅಂತ ಬಹಳ ಜನ ನಂಬಿದ್ದಾರೆ. ಚುನಾವಣೆ ಹತ್ತಿರ ಬಂದಾಗ ಯಾವುದಾದರೂ ತಾಲ್ಲೂಕು ಕಚೇರಿಗೆ ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿ. ಮೇಜಿನ ಮೇಲೆ ಮತದಾರರ ಪಟ್ಟಿಯ ಕಟ್ಟುಗಳು. ಪಕ್ಕದಲ್ಲೇ ಅರ್ಧ ಬಿಚ್ಚಿದ ಚಿತ್ರಾನ್ನದ ಪೊಟ್ಟಣ. ಮನೆಯಿಂದ ಫೋನ್ ಬಂದರೆ ಗುಮಾಸ್ತರು ಸುಮ್ನೆ ಕಟ್ ಮಾಡುತ್ತಾರೆ. ಶಿರಸ್ತೇದಾರರು, "ಇನ್ನೊಂದು ಗಂಟೆ ಕೂತ್ಕೊಳ್ಳಿ, ರಜೆ ಆಮೇಲೆ ನೋಡೋಣ" ಅನ್ನುತ್ತಾರೆ. ಈ ಮಾತು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ: ಹೆಚ್ಚು ದುಡಿದದ್ದಕ್ಕೆ ಬದಲಿ ರಜೆ ಕೇಳೋಣ ಅಂದರೆ ದಾಖಲೆಯೇ ಇರುವುದಿಲ್ಲ.

ರಜೆಯ ವಿಷಯದಲ್ಲಿ ಸರ್ಕಾರಕ್ಕೆ ಲೆಕ್ಕ ಬರುವುದಿಲ್ಲ ಅಂತಲ್ಲ. 2019ರಲ್ಲಿ ನಮ್ಮ ರಾಜ್ಯ ನಾಲ್ಕನೇ ಶನಿವಾರವನ್ನೂ ರಜೆ ಮಾಡಿತು. ಜೊತೆಗೇ ಸಾಂದರ್ಭಿಕ ರಜೆಯನ್ನು 15 ದಿನದಿಂದ 10ಕ್ಕೆ ಇಳಿಸಿತು. ಅಷ್ಟು ಪಕ್ಕಾ. ನೌಕರ ಜಾಸ್ತಿ ದುಡಿದಾಗ ಮಾತ್ರ ಈ ಚುರುಕುತನ ಕಾಣುವುದಿಲ್ಲ, ಅಲ್ವಾ?

ಹಣ ಕೊಟ್ಟು ಮುಗಿಸಬಾರದೇ ಅಂತ ಕೇಳಬಹುದು. ಆ ದಾರಿ ಕಿರಿದಾಗುತ್ತಾ ಬಂದಿದೆ. ಏಳನೇ ವೇತನ ಆಯೋಗದ ನಂತರ, 2018ರ ಜೂನ್‌ನಲ್ಲಿ, ಕೇಂದ್ರ ಸರ್ಕಾರ ಹೆಚ್ಚಿನವರಿಗೆ ಓಟಿ ಭತ್ಯೆ, ಅಂದರೆ ಹೆಚ್ಚುವರಿ ಹೊತ್ತು ದುಡಿದದ್ದಕ್ಕೆ ಕೊಡುವ ಹಣ, ನಿಲ್ಲಿಸಿತು. ಯಂತ್ರೋಪಕರಣ ನಡೆಸುವಂಥ ಕೆಲವು ಕಾರ್ಯಾಚರಣೆ ಸಿಬ್ಬಂದಿಗೆ, ಕಾನೂನಿನ ಪ್ರಕಾರ ಕೊಡಲೇಬೇಕಾದ ಕೈಗಾರಿಕಾ ನೌಕರರಿಗೆ ಮಾತ್ರ ಉಳಿಸಿತು. ಕಾರ್ಯಾಚರಣೆ ಸಿಬ್ಬಂದಿಯ ದರವೂ 1991ರ ಆದೇಶದ್ದೇ. 1991ರ ದರದಲ್ಲಿ ಈಗ ಏನು ಸಿಗುತ್ತದೆ ಅಂತ ನೀವೇ ಊಹಿಸಿ. 2018ರ ಆ ಆದೇಶದಲ್ಲಿ ಒಂದು ಒಳ್ಳೆಯ ಮಾತೂ ಇದೆ. ತುರ್ತು ಕೆಲಸಕ್ಕೆ ಉಳಿಯಿರಿ ಅಂತ ಮೇಲಧಿಕಾರಿ ಬರೆದು ಕೊಟ್ಟರೆ ಮಾತ್ರ ಭತ್ಯೆ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ಮುಚ್ಚಿತು. ನಾಸಿಕ್‌ನ ಭದ್ರತಾ ಮುದ್ರಣಾಲಯದ ಮೇಲ್ವಿಚಾರಕರು ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಹಿಡಿದು ಎರಡರಷ್ಟು ಓಟಿ ಕೇಳಿದ್ದರು. ಸರ್ಕಾರಿ ಸೇವೆಯಲ್ಲಿರುವವರು ಸದಾ ಸರ್ಕಾರದ ಕೈಗೆ ಸಿಗುವಂತಿರಬೇಕು, ಸೇವಾ ನಿಯಮದಲ್ಲಿ ಇಲ್ಲದ್ದನ್ನು ಹಕ್ಕು ಅಂತ ಕೇಳಲಾಗದು ಎಂಬ ಧಾಟಿಯಲ್ಲಿ ಕೋರ್ಟ್ ಹೇಳಿತು. ಸರ್ಕಾರಿ ಸೇವೆಯಲ್ಲಿ ಬೇರೆ ಸವಲತ್ತುಗಳಿವೆ, ನಿಜ. ಆದರೆ ನನಗೆ ಈ ತರ್ಕ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ದಣಿವಿಗೆ ಖಾಸಗಿ, ಸರ್ಕಾರಿ ಅಂತ ಭೇದ ಇದೆಯೇ?

ಹಾಗಾಗಿ ಬಹಳ ಕಚೇರಿಗಳಲ್ಲಿ ಉಳಿದದ್ದು ರಜೆಯೊಂದೇ. ನಾವು ಕಾಂಪ್ ಆಫ್ ಅನ್ನುತ್ತೇವಲ್ಲ, ಹೆಚ್ಚು ದುಡಿದದ್ದಕ್ಕೆ ಬದಲಾಗಿ ಆಮೇಲೆ ಸಿಗುವ ರಜೆ, ಅದು.

ಇದರಲ್ಲಿ ಅಮೆರಿಕದ ಪದ್ಧತಿ ನೋಡುವಂಥದ್ದು. 1985ರಲ್ಲಿ ಸ್ಯಾನ್ ಆಂಟೋನಿಯೊ ನಗರದ ಬಸ್ ಸಂಸ್ಥೆಯ ಪ್ರಕರಣದಲ್ಲಿ, ಕೇಂದ್ರದ ಓಟಿ ಕಾನೂನು ರಾಜ್ಯ ಮತ್ತು ನಗರ ಆಡಳಿತಗಳಿಗೂ ಅನ್ವಯ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಷ್ಟು ಹಣ ಎಲ್ಲಿಂದ ತರೋಣ ಅಂತ ನಗರಗಳು ತಲೆ ಮೇಲೆ ಕೈ ಹೊತ್ತವು. ಅದೇ ವರ್ಷ ಅಲ್ಲಿನ ಸಂಸತ್ತು ಒಂದು ದಾರಿ ಕೊಟ್ಟಿತು: ಹಣದ ಬದಲು ರಜೆ ಕೊಡಬಹುದು. ಆದರೆ ಒಂದು ಗಂಟೆ ಓಟಿಗೆ ಒಂದೂವರೆ ಗಂಟೆ ರಜೆ. ಅದೂ ಕೆಲಸಕ್ಕೆ ಮೊದಲೇ ಒಪ್ಪಂದ ಆಗಿರಬೇಕು. ಸಾಮಾನ್ಯ ನೌಕರರ ರಜೆ ಖಾತೆಯಲ್ಲಿ 240 ಗಂಟೆ, ಪೊಲೀಸ್ ಮತ್ತು ಅಗ್ನಿಶಾಮಕದವರ ಖಾತೆಯಲ್ಲಿ 480 ಗಂಟೆ ತುಂಬಿದರೆ ಮುಂದಿನ ಓಟಿಗೆಲ್ಲ ಹಣವೇ ಕೊಡಬೇಕು. ಕೆಲಸ ಬಿಟ್ಟು ಹೋಗುವಾಗ ಮಿಕ್ಕ ಗಂಟೆಗಳಿಗೂ ಹಣ.

ಈ ಮಿತಿಯೇ ಅಧಿಕಾರಿಯನ್ನು ಎಚ್ಚರದಲ್ಲಿಡುತ್ತದೆ. ಟೆಕ್ಸಸ್‌ನ ಹ್ಯಾರಿಸ್ ಕೌಂಟಿಯಲ್ಲಿ ಖಾತೆ ತುಂಬುತ್ತಾ ಬಂದಾಗ, "ರಜೆ ತಗೊಳ್ಳಿ" ಅಂತ ಅಲ್ಲಿನ ಪೊಲೀಸ್ ಸಿಬ್ಬಂದಿಗೆ ಹೇಳಲಾಯಿತು. ಬಲವಂತದ ರಜೆ ಬೇಡ ಅಂತ ಅವರು ಕೋರ್ಟಿಗೆ ಹೋದರು. 2000ದಲ್ಲಿ ಸೋತರು. ರಜೆ ಸಿಗಲಿಲ್ಲ ಅಂತ ಅಲ್ಲ, ರಜೆ ಹಾಕಿಸಿದರು ಅಂತ ಜಗಳ! ನಮ್ಮ ಪೊಲೀಸ್ ಠಾಣೆಯಲ್ಲಿ ಈ ಕಥೆ ಹೇಳಿದರೆ ನಕ್ಕುಬಿಟ್ಟಾರು. ವಾರದ ರಜೆಯ ಕೊರಗೂ ಸೇರಿ, 2016ರ ಜೂನ್ 4ಕ್ಕೆ ಸಾಮೂಹಿಕ ರಜೆಯ ಕರೆ ಬಂದದ್ದು ನಮ್ಮ ಪೊಲೀಸರಿಂದಲೇ ಅಲ್ಲವೇ?

ನಮ್ಮಲ್ಲಿ ಅಂಥ ಖಾತೆ ಬರುವವರೆಗೆ ಏನು ಮಾಡಬಹುದು? ಭಾನುವಾರ ಬನ್ನಿ ಅಂದರೆ ಒಂದು ಸಾಲಿನ ಜ್ಞಾಪನ ಕೇಳಿ. ಕೇಳಲು ಮುಜುಗರವಾದರೆ, "ಸರ್, ತಾವು ಹೇಳಿದಂತೆ ಭಾನುವಾರ ಬರುತ್ತೇನೆ" ಅಂತ ನೀವೇ ವಾಟ್ಸಾಪ್ ಕಳಿಸಿ. ಅವರು "ಸರಿ" ಅಂದರೂ ಒಂದು ದಾಖಲೆ ಆಯಿತು. ಹಾಜರಿ ಪುಸ್ತಕದಲ್ಲಿ ಅವತ್ತೇ ಸಹಿ ಹಾಕಿ, ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ಬೇರೆ ಕಡೆ ಡ್ಯೂಟಿಗೆ ಹೋದರೆ ಹಾಜರಾತಿ ಪ್ರಮಾಣಪತ್ರ ಇಲ್ಲದೆ ಅಲ್ಲಿಂದ ಹೊರಡಬೇಡಿ.

ಮೇಲಧಿಕಾರಿಗಳಿಗೂ ಒಂದು ಮಾತು. ಪ್ರತಿ ಸಲ ಅದೇ ಇಬ್ಬರನ್ನು ಕರೆಯುತ್ತಿದ್ದೀರಾ ಅಂತ ಆ ಪುಸ್ತಕ ತಿರುವಿದರೆ ಗೊತ್ತಾಗುತ್ತದೆ. ಕೆಲಸ ಬಲ್ಲವರೇ ಸಿಕ್ಕಿಬೀಳುವುದು, ಅಲ್ವಾ? ಹಾಗೆಯೇ, ವರ್ಗಾವಣೆ ಪಟ್ಟಿ ಹೊರಬೀಳುವ ಮೊದಲೇ ಬಾಕಿ ರಜೆ ಕೊಟ್ಟು ಮುಗಿಸಿ. ಹಳೆಯ ಕಚೇರಿಯ ಭಾನುವಾರಗಳನ್ನು ಹೊಸ ಕಚೇರಿಯ ಮ್ಯಾನೇಜರ್ ಒಪ್ಪುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ.

ನಮಸ್ಕಾರ.