2,879 ಮತ್ತು 6,666: ಐರ್ಲೆಂಡಿನ ಲೆಕ್ಕ ಹೇಳದ ಕಥೆ

ನಮಸ್ಕಾರ. ಇವತ್ತು ಎರಡು ಅಂಕಿಗಳಿಂದ ಮಾತು ಶುರು ಮಾಡುತ್ತೇನೆ. 2018ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೋಗಿ ಅಬಾರ್ಷನ್ ಮಾಡಿಸಿಕೊಂಡ ಐರ್ಲೆಂಡಿನ ಹೆಂಗಸರು 2,879. ಮರುವರ್ಷ ಐರ್ಲೆಂಡಿನಲ್ಲೇ ಅದಕ್ಕೆ ಕಾನೂನು ಒಪ್ಪಿಗೆ ಕೊಟ್ಟಿತು. ಆ ಮೊದಲ ವರ್ಷದ ಸರ್ಕಾರಿ ಲೆಕ್ಕ 6,666. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಏನನ್ನಿಸುತ್ತದೆ? ಕಾನೂನು ಸಡಿಲ ಮಾಡಿದ್ದೇ ತಡ, ಎರಡು ಪಟ್ಟು ಜಾಸ್ತಿ ಆಗಿಬಿಟ್ಟಿತು ಅಂತ ಅಲ್ವಾ? ಆದರೆ ಈ ಎರಡು ಅಂಕಿಗಳು ಎಣಿಸಿದ್ದು ಒಂದೇ ವಿಷಯವನ್ನಲ್ಲ.

ಮೊದಲನೆಯದು ಎಲ್ಲಿಂದ ಬಂತು ನೋಡಿ. ಇಂಗ್ಲೆಂಡಿನಲ್ಲಿ ಪ್ರತಿ ಅಬಾರ್ಷನ್‌ಗೂ ಡಾಕ್ಟರು ಒಂದು ಫಾರಂ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಆಕೆ ಎಲ್ಲಿಯವಳು ಅನ್ನುವುದೂ ಅದರಲ್ಲಿರುತ್ತದೆ. ಐರ್ಲೆಂಡಿನ ವಿಳಾಸ ಕೊಟ್ಟವರನ್ನು ಕೂಡಿಸಿದರೆ ಈ 2,879 ಸಿಗುತ್ತದೆ. ಅಷ್ಟೇ. ಲಂಡನ್ನಿನಲ್ಲಿರುವ ಗೆಳತಿಯ ಮನೆ ವಿಳಾಸ ಬರೆಸಿದವಳು ಇದರಲ್ಲಿ ಇಲ್ಲ. ನೆದರ್ಲೆಂಡ್ಸ್‌ಗೆ ಹೋದವಳು ಇಲ್ಲ. ಗರ್ಭಪಾತದ ಮಾತ್ರೆ ತರಿಸಿಕೊಂಡು ಮನೆಯಲ್ಲೇ ನುಂಗಿದವಳಂತೂ ಇಲ್ಲವೇ ಇಲ್ಲ.

ಈ ಮಾತ್ರೆಯ ವಿಷಯ ಸಣ್ಣದಲ್ಲ. 2001ರಲ್ಲಿ ಇಂಗ್ಲೆಂಡಿಗೆ ಹೋದವರು 6,673. ಆಮೇಲೆ ಆ ಸಂಖ್ಯೆ ಇಳಿಯುತ್ತಾ ಬಂತು. ಗರ್ಭನಿರೋಧಕಗಳ ಬಳಕೆಯೂ ಇದಕ್ಕೆ ಒಂದು ಕಾರಣ ಇರಬಹುದು. ಆದರೆ ಅದೇ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಮಾತ್ರೆ ಸಿಗತೊಡಗಿತ್ತು. 'ವುಮೆನ್ ಆನ್ ವೆಬ್' ಅನ್ನುವ ಒಂದೇ ಒಂದು ಸಂಸ್ಥೆಗೆ 2010ರಿಂದ 2015ರೊಳಗೆ ಐರ್ಲೆಂಡ್ ಮತ್ತು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಎರಡರಿಂದಲೂ ಸೇರಿ 5,650 ಹೆಂಗಸರು ಕೋರಿಕೆ ಕಳಿಸಿದ್ದರು. ಐರ್ಲೆಂಡಿನ ಕಸ್ಟಮ್ಸ್‌ನವರು ಪೊಟ್ಟಣ ಹಿಡಿದಿಟ್ಟುಕೊಳ್ಳುತ್ತಾರೆ ಅಂತ, ಗಡಿಯಾಚೆ ಉತ್ತರ ಐರ್ಲೆಂಡಿನ ಒಂದು ವಿಳಾಸಕ್ಕೆ ತರಿಸಿ, ಅಲ್ಲಿಗೆ ಹೋಗಿ ತೆಗೆದುಕೊಂಡು ಬಂದವರಿದ್ದಾರೆ. ಸಿಕ್ಕಿಬಿದ್ದರೆ 14 ವರ್ಷದವರೆಗೆ ಜೈಲು ಅಂತ 2013ರ ಕಾನೂನು ಹೇಳುತ್ತಿತ್ತು. ಹೀಗಿರುವಾಗ ಮನೆ ಬಾಗಿಲಿಗೆ ಬಂದ ಸಮೀಕ್ಷೆಯವರಿಗೆ ಯಾರು ನಿಜ ಹೇಳುತ್ತಾರೆ, ಹೇಳಿ?

ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. ಕೋರಿಕೆ ಕಳಿಸಿದವರೆಲ್ಲ ಮಾತ್ರೆ ನುಂಗಿದರು ಅಂತಲ್ಲ. 2015ರ ಕೋರಿಕೆ 1,438. ಅದನ್ನು ಆ ವರ್ಷ ಇಂಗ್ಲೆಂಡಿಗೆ ಹೋದ 3,451 ಜನರಿಗೆ ಪೂರ್ತಿ ಸೇರಿಸಿದರೂ 6,666 ಆಗುವುದಿಲ್ಲ. ಹಾಗಾಗಿ ಸ್ವಲ್ಪ ಏರಿಕೆ ನಿಜವಾಗಿಯೂ ಆಗಿರಬಹುದು. ವಿಮಾನದ ಟಿಕೆಟ್‌ಗೆ ದುಡ್ಡಿಲ್ಲದವರು, ಆಶ್ರಯ ಕೇಳಿ ಬಂದು ದೇಶ ಬಿಟ್ಟು ಹೋಗಲಾಗದವರು, ಇವರಿಗೆಲ್ಲ ಮೊದಲು ದಾರಿಯೇ ಇರಲಿಲ್ಲ. ಆ ಏರಿಕೆಯನ್ನು ಮುಚ್ಚಿಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಸವಿತಾ ಹಾಲಪ್ಪನವರ್ ನೆನಪಿದ್ದಾರಾ? ನಮ್ಮ ಬೆಳಗಾವಿಯವರು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ, 17 ವಾರದ ಗರ್ಭಿಣಿಯಾಗಿ, ಗಾಲ್ವೇ ಊರಿನ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ ಅಂತ ತೆಗೆಯಲಿಲ್ಲ. ನಂಜು ಮೈಗೆಲ್ಲ ಏರಿತು, 28ನೇ ತಾರೀಕು ತೀರಿಕೊಂಡರು. ಆ ವರ್ಷ ಇಂಗ್ಲೆಂಡಿನ ಲೆಕ್ಕದಲ್ಲಿ ಐರ್ಲೆಂಡಿನವರು 3,982 ಜನ. ಸವಿತಾ ಅದರಲ್ಲಿಲ್ಲ. ಕೇಳಿದರೂ ಸಿಗದವರಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಕಾನೂನು ಗರ್ಭಪಾತವನ್ನು ತಡೆಯಿತು ಅಂತ ಹೆಮ್ಮೆಯಿಂದ ಹೇಳುವವರು ಈ ಸಾವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ? 2018ರ ಮೇ 25ಕ್ಕೆ ಜನಮತ ಇಟ್ಟಾಗ, ಒಪ್ಪಿಗೆಗೆ ಮತ ಹಾಕಿ ಅಂತ ಬೆಳಗಾವಿಯಿಂದ ಅವರ ತಂದೆ ಐರ್ಲೆಂಡಿನ ಜನರನ್ನು ಕೇಳಿಕೊಂಡರು. ಶೇ 66.4ರಷ್ಟು ಜನ ಒಪ್ಪಿದರು.

ಹಾಗಾದರೆ ಸರಿಯಾಗಿ ಎಣಿಸುವುದು ಹೇಗೆ? ನನಗೆ ಹೆಚ್ಚು ನಂಬಿಕೆ ಬಂದದ್ದು ಬ್ರೆಜಿಲ್‌ನ ರೀತಿ. ಅಲ್ಲಿ ಕೆಲವೇ ಸಂದರ್ಭ ಬಿಟ್ಟರೆ ಅಬಾರ್ಷನ್ ಮಾಡಿಸಿಕೊಂಡವಳಿಗೂ ಜೈಲು. 2016ರಲ್ಲಿ ಅಲ್ಲಿನ ಪಟ್ಟಣಗಳ 2,002 ಹೆಂಗಸರನ್ನು ಕೇಳಿದರು. ಕೇಳಲು ಹೋದವರೂ ಹೆಂಗಸರೇ. ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಹೆಸರಿಲ್ಲದ ಚೀಟಿಯಲ್ಲಿ ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿದರೆ ಆಯ್ತು, ಥೇಟ್ ಓಟು ಹಾಕಿದ ಹಾಗೆ. 40 ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಮಾಡಿಸಿಕೊಂಡಿರುತ್ತಾರೆ ಅಂತ ಗೊತ್ತಾಯಿತು. ಇದರಲ್ಲೂ ಕೊರತೆ ಇದೆ: ಚೀಟಿ ಓದಲು ಬಾರದವರು, ಹಳ್ಳಿಯವರು ಹೊರಗೇ ಉಳಿದರು. ಆದರೆ ಹೊರಗೆ ಉಳಿದವರು ಯಾರು ಅಂತ ಸಮೀಕ್ಷೆ ಮಾಡಿದವರೇ ಹೇಳುತ್ತಾರೆ. ಅದಕ್ಕೇ ನನಗೆ ಅದು ಇಷ್ಟ.

ಸುಮ್ನೆ ದೊಡ್ಡ ಅಂಕಿ ಹೇಳಿ ಹೆದರಿಸುವುದೂ ನನಗೆ ಒಪ್ಪಿಗೆಯಿಲ್ಲ. 1950ರ ದಶಕದ ಅಮೆರಿಕದಲ್ಲಿ ವರ್ಷಕ್ಕೆ 2 ಲಕ್ಷದಿಂದ 12 ಲಕ್ಷ ಅಂತ ಒಂದು ಅಂದಾಜು ಇತ್ತು. ಅಷ್ಟು ಅಗಲದ ಅಂದಾಜಿನಲ್ಲಿ ಮೇಲಿನ ತುದಿಯನ್ನೊಂದೇ ಎತ್ತಿಕೊಂಡು ಭಾಷಣ ಮಾಡುವುದು ನ್ಯಾಯವಲ್ಲ.

ಈಗ ಪೋಲೆಂಡ್ ನೋಡಿ. 2020ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಮಂಡಳಿ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು. ಅದಕ್ಕೆ ಮೊದಲು ಆಸ್ಪತ್ರೆಗಳ ಲೆಕ್ಕ ವರ್ಷಕ್ಕೆ ಸುಮಾರು ಸಾವಿರ. 2021ರಲ್ಲಿ 107. ಮೂರೂವರೆ ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ 107! ಅದು ಕಾನೂನಿನೊಳಗೆ ಆಸ್ಪತ್ರೆಗಳು ಮಾಡಿದ್ದರ ಲೆಕ್ಕ. ಅಂಚೆಯಲ್ಲಿ ಮಾತ್ರೆ ತರಿಸಿಕೊಂಡವರು, ಗಡಿ ದಾಟಿ ಜರ್ಮನಿಗೋ ನೆದರ್ಲೆಂಡ್ಸ್‌ಗೋ ಹೋದವರು ಅದರಲ್ಲಿ ಒಬ್ಬರೂ ಇಲ್ಲ.