ಬೈಕುಲಾದ ಕಲ್ಲಾನೆ

ಕೇಳುಗರಿಗೆ ನಮಸ್ಕಾರ.

ಊರಿನಿಂದ ನೆಂಟರು ಬಂದರೆ ನಮ್ಮಂತಹ ಮುಂಬಯಿ ಕನ್ನಡಿಗರಿಗೆ ಬೈಕುಲಾದ ರಾಣಿಬಾಗ್ ಮೃಗಾಲಯ ತಪ್ಪಿದ್ದಲ್ಲ. ಮೊನ್ನೆ ಅಕ್ಕನ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಪೆಂಗ್ವಿನ್ ನೋಡುವ ಆತುರ. ನಾನು ಮಾತ್ರ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗಿರುವ ಕಲ್ಲಾನೆಯ ಮುಂದೆ ನಿಂತುಬಿಟ್ಟೆ. ಹುಡುಗ ಅದರ ಮೈಯನ್ನು ನೋಡಿ, "ಅಜ್ಜಾ, ಇದಕ್ಕೆ ಹೊಲಿಗೆ ಹಾಕಿದ್ದಾರಾ?" ಎಂದು ಕೇಳಿದ.

ಒಂದರ್ಥದಲ್ಲಿ ಹೊಲಿಗೆಯೇ. ಈ ಆನೆ ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಒಂದು ಗಂಟೆಯ ದಾರಿಯ ಘಾರಾಪುರಿ ದ್ವೀಪದ್ದು. ದಡದ ಬಳಿ ಇದನ್ನು ಕಂಡೇ ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಸರಪಳಿ ಹರಿದು ಆನೆ ಚೂರಾಯಿತು. ಆ ಚೂರುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದ್ದು 1914ರಲ್ಲಿ. ಸರಪಳಿ ಗಟ್ಟಿಯಾಗಿದ್ದಿದ್ದರೆ ನಮ್ಮ ಹುಡುಗ ಇದನ್ನು ನೋಡಲು ವೀಸಾ ಮಾಡಿಸಬೇಕಾಗುತ್ತಿತ್ತು. ಅದೇ ದ್ವೀಪದಲ್ಲಿ ಶಿವನ ಗುಹೆಯ ಬಳಿಯಿದ್ದ ಶಾಸನಕ್ಕೆ ಆ ಅದೃಷ್ಟವೂ ಇರಲಿಲ್ಲ. ಓದಿಸಲೆಂದು ಪೋರ್ಚುಗಲ್ಲಿನ ದೊರೆಗೆ ಕಳುಹಿಸಿದರಂತೆ. ಓದುವವರು ಸಿಗಲಿಲ್ಲ, ಕಲ್ಲೂ ಮರಳಲಿಲ್ಲ.

ಹಾಗಾಗಿ ದ್ವೀಪದ ಹಳೆಯ ಕಥೆ ತಿಳಿಯಲು ಸಣ್ಣಪುಟ್ಟ ಸಾಕ್ಷಿಗಳನ್ನೇ ನಂಬಬೇಕಾಗಿದೆ. ಕಲಚುರಿ ದೊರೆ ಕೃಷ್ಣರಾಜನ ಪುಟ್ಟ ನಾಣ್ಯಗಳು ದ್ವೀಪದಲ್ಲಿ ಸಿಕ್ಕಿವೆ. ಗುಹೆ ಕೆತ್ತಿದವರಿಗೆ ಕೊಟ್ಟ ಕೂಲಿ ಇರಬಹುದೆಂದು ಕೆಲವು ವಿದ್ವಾಂಸರ ಊಹೆ. ನನಗೆ ಅದಕ್ಕಿಂತ ಪ್ರಿಯವಾದದ್ದು ದ್ವೀಪದ ಮೋರಾ ಬಂದರಿನ ಕಡೆ ಸಿಕ್ಕಿರುವ ಬೋಕಿ ಚೂರುಗಳು. ಕುಂಟಾಬಿಲ್ಲೆ ಆಡಲು ಆರಿಸಿಕೊಳ್ಳುತ್ತೇವಲ್ಲ, ಅಂಥವೇ. ಆದರೆ ಅವು ಆಂಫೊರಾ ಎಂಬ ರೋಮನ್ ಜಾಡಿಗಳ ಚೂರುಗಳು. ಎರಡು ಹಿಡಿ, ಉದ್ದ ಮೈ, ಚೂಪು ತಳ. ನೆಲದ ಮೇಲೆ ಇಟ್ಟರೆ ಉರುಳುತ್ತದೆ. ಹಡಗಿನ ಒಡಲಲ್ಲಿ ಒಂದರ ಸಂದಿಗೆ ಇನ್ನೊಂದನ್ನು ಸಿಕ್ಕಿಸಿದರೆ ಅಲುಗಾಡದು. ದ್ರಾಕ್ಷಾರಸ, ಆಲಿವ್ ಎಣ್ಣೆ ತುಂಬಿಕೊಂಡು ಅವು ಕಡಲು ದಾಟುತ್ತಿದ್ದವು. ನಾವೋ ಲಾಂಚಿನಿಂದ ಇಳಿದವರೇ ಮೆಟ್ಟಿಲು ಹತ್ತಿ, ಗುಹೆಯ ಸದಾಶಿವನ ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು, ಕೋತಿಗಳಿಂದ ತಿಂಡಿ ಕಾಪಾಡಿಕೊಂಡು ಹಿಂದಿರುಗುತ್ತೇವೆ. ಬಂದರಿನ ಕಡೆಗೆ ಯಾರೂ ತಲೆಹಾಕುವುದಿಲ್ಲ.

ಈ ಕಡಲಿಗೆ ನಮ್ಮ ಕಡೆಯಿಂದಲೂ ಹಡಗುಗಳು ಬಂದಿದ್ದವು. ಐಹೊಳೆಯ ಮೇಗುಟಿ ಗುಡಿಯಲ್ಲಿ, ಕ್ರಿ.ಶ. 634ರ ಸುಮಾರಿಗೆ ಕವಿ ರವಿಕೀರ್ತಿ ಬರೆದ ಶಾಸನವಿದೆ. ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದ ಎನ್ನುತ್ತದೆ ಅದು. ಆ ಪುರಿ ಘಾರಾಪುರಿಯೇ ಎನ್ನುವವರಿದ್ದಾರೆ, ಜಂಜೀರಾ ಬಳಿಯ ರಾಜಪುರಿ ಎನ್ನುವವರೂ ಇದ್ದಾರೆ. ಆ ಜಗಳ ಪಂಡಿತರಿಗಿರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಹಡಗುಗಳಿಗೆ ಕವಿ ಕೊಟ್ಟ ಹೋಲಿಕೆ: ಅವು ಮದಗಜಗಳ ಹಿಂಡಿನಂತಿದ್ದವಂತೆ.

ಇದನ್ನು ಹೇಳಿದಾಗ ಹುಡುಗ ಪೆಂಗ್ವಿನ್ ಮರೆತು ಆನೆಯನ್ನು ಸುತ್ತುಹಾಕಿದ. "ಹಾಗಾದರೆ ಇದೊಂದು ಹಿಂದೆ ಉಳಿಯಿತಾ?" ಎಂದ.

ನೋಡಬೇಕೆನ್ನುವವರು ಬುಧವಾರ ಬಿಟ್ಟು ಹೋಗಿ, ಅಂದು ಅಲ್ಲಿ ರಜೆ. ದ್ವೀಪದ ಗುಹೆಗಳಿಗೆ ಸೋಮವಾರ ರಜೆ. ನಮಸ್ಕಾರ.