ಘಟ್ಟ ಹತ್ತುವ ಚಿಂತೆ ಬಿಡಿ, ಮಳೆಗಾಲದ ತಂತಿಯನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಶಿರಸಿಯ ಕಡೆ ಯಾರಾದರೂ ವಿದ್ಯುತ್ ಕಾರು ಕೊಂಡರೆ, ನೋಡಲು ಬಂದವರು ಬೆಲೆಯನ್ನು ಕೇಳುವ ಮೊದಲೇ ‘ದೇವಿಮನೆ ಘಟ್ಟ ಹತ್ತುತ್ತದೆಯೇ’ ಎಂದು ಕೇಳುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಈ ಘಟ್ಟ ಹತ್ತಿ ಶಿರಸಿಗೆ ಬರುವ ರಸ್ತೆ ಹೊರಡುವ ಕುಮಟಾ ಇರುವುದು ಕಡಲ ಮಟ್ಟದಲ್ಲಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಒಂದೂವರೆ ಟನ್ ತೂಕದ ಕಾರನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾಗುವುದು, ನಿಮ್ಮ ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು ಎರಡೂವರೆ ಯೂನಿಟ್. ಮೋಟರಿನ ನಷ್ಟವನ್ನು ಸೇರಿಸಿದರೆ ಮೂರು. ಬ್ಯಾಟರಿಯಲ್ಲಿ 30 ಯೂನಿಟ್ ಹಿಡಿಯುವ ಸಾಧಾರಣ ಕಾರಿಗೆ ಇದು ಹತ್ತರಲ್ಲಿ ಒಂದು ಪಾಲು ಮಾತ್ರ. ಮೇಲಾಗಿ ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುವುದು ವಿದ್ಯುತ್ ಮೋಟರಿನ ಗುಣವಾದ್ದರಿಂದ, ತಿರುವಿನಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದು ಅರ್ಧ ಕ್ಲಚ್ಚಿನಲ್ಲಿ ಒದ್ದಾಡುವ ಕಷ್ಟವೂ ಇಲ್ಲ.

ಇಳಿಯುವಾಗ ಅದೇ ಮೋಟರು ಜನರೇಟರಿನಂತೆ ತಿರುಗಿ, ಹತ್ತಲು ಖರ್ಚಾದುದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಆದರೆ ಘಟ್ಟದ ತಲೆಯಲ್ಲೇ ಮನೆಯಿರುವವರು ರಾತ್ರಿಯೆಲ್ಲ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ನೇರವಾಗಿ ಕೆಳಗಿಳಿದರೆ, ತುಂಬಿದ ಕೊಡಕ್ಕೆ ನೀರು ಸುರಿದಂತೆ, ಬರುವ ವಿದ್ಯುತ್ತನ್ನು ಹಿಡಿದಿಡಲು ಜಾಗವೇ ಇರುವುದಿಲ್ಲ. ಆಗ ಮೋಟರಿನ ಬ್ರೇಕು ಸೋತು, ಎಲ್ಲ ಭಾರವೂ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಅಂಥವರು ನೂರಕ್ಕೆ ಎಂಬತ್ತೈದಕ್ಕೆ ನಿಲ್ಲಿಸುವುದು ಒಳ್ಳೆಯದು.

ನನ್ನ ಆತಂಕವಿರುವುದು ಮನೆಗೆ ಬರುವ ತಂತಿಯ ಬಗ್ಗೆ. ಮನೆಯ 16 ಆಂಪಿಯರ್ ಪ್ಲಗ್ಗಿನಿಂದ ತಾಸಿಗೆ ಮೂರು ಯೂನಿಟ್‌ಗಿಂತ ತುಸು ಹೆಚ್ಚು ಸಿಗುತ್ತದೆ. ಖಾಲಿ ಬ್ಯಾಟರಿ ತುಂಬಲು ಒಂಬತ್ತು, ಹತ್ತು ತಾಸು ಬೇಕು. ಬೇಸಿಗೆಯಲ್ಲಿ ಇದು ದೊಡ್ಡ ಮಾತಲ್ಲ. ಆಷಾಢದಲ್ಲಿ, ಕಾಡಿನ ನಡುವೆ ಹಾದುಬಂದ ತಂತಿಯ ಮೇಲೆ ಮರ ಬಿದ್ದು, ಲೈನ್‌ಮನ್ ಉಂಬಳ ಕಚ್ಚಿಸಿಕೊಂಡು ಹುಡುಕುತ್ತ ಬರುವಷ್ಟರಲ್ಲಿ ಎರಡು ದಿನ ಕಳೆದುಹೋಗುವ ಹಳ್ಳಿಗಳಲ್ಲಿ, ಒಂಬತ್ತು ತಾಸು ಎಂಬುದು ಸಣ್ಣ ಬೇಡಿಕೆಯಲ್ಲ. ಜೊತೆಗೆ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಲಸವನ್ನೇ ಆರಂಭಿಸುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆ ವಿದ್ಯುತ್ತಿಗೆ ಬಡವಲ್ಲ ಎಂಬುದು ಇದರಲ್ಲಿನ ವಿಚಿತ್ರ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟುಗಳಿವೆ. ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ಅಲ್ಲಿನ ಒಂದನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಆ ಮೂರು ಮಳೆಗಾಲಗಳಲ್ಲಿ ನಮ್ಮ ಮನೆಯ ದೀಪ ಎಷ್ಟು ಸಲ ಆರಿತೆಂಬುದರ ಲೆಕ್ಕ ಇಟ್ಟವರಿಲ್ಲ.

ಹಾಗಾದರೆ ಹೈಡ್ರೋಜನ್ ಬರಲಿ, ಅದು ನೀರಿನಿಂದ ಓಡುವ ಗಾಡಿ, ನಮ್ಮಲ್ಲಿ ನೀರಿಗೇನು ಬರ ಎನ್ನುವವರು ಬಹಳ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಈ ಮಾತು ಬುಡದಲ್ಲೇ ತಪ್ಪು. ನೀರೆಂದರೆ ಹೈಡ್ರೋಜನ್ ಉರಿದು ಉಳಿದ ಬೂದಿ. ಬೂದಿಯಿಂದ ಮತ್ತೆ ಕಟ್ಟಿಗೆ ಮಾಡಬೇಕೆಂದರೆ ಉರಿಯುವಾಗ ಸಿಕ್ಕಿದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹೊರಗಿನಿಂದ ಕೊಡಬೇಕು. ಒಂದು ಕಿಲೋ ಹೈಡ್ರೋಜನ್ ಬೇರ್ಪಡಿಸಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು, ಅನಂತರ ಅದನ್ನು 700 ಬಾರ್ ಒತ್ತಡಕ್ಕೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟಿಗೆ, ಅದುಮಲು ಇನ್ನಷ್ಟು. ಆ ಒಂದು ಕಿಲೋದಲ್ಲಿ ಕಾರು ಸುಮಾರು 100 ಕಿಲೋಮೀಟರ್ ಓಡುತ್ತದೆ. ಅದೇ 55 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದ್ದರೆ 300 ಕಿಲೋಮೀಟರ್ ದಾಟಬಹುದಿತ್ತು. ಐದು ನಿಮಿಷದಲ್ಲಿ ಟ್ಯಾಂಕು ತುಂಬುತ್ತದೆ ಎಂಬ ಅನುಕೂಲ ನಿಜವೇ. ಆದರೆ ಪಂಪೇ ಇಲ್ಲದ ಊರಿನಲ್ಲಿ ಆ ಐದು ನಿಮಿಷವನ್ನು ಎಲ್ಲಿ ಕಳೆಯುವುದು? ಸಾಲದ್ದಕ್ಕೆ, ಇಂದು ದೇಶದಲ್ಲಿ ತಯಾರಾಗುವ ಹೈಡ್ರೋಜನ್ನಿನ ಬಹುಪಾಲು ನೈಸರ್ಗಿಕ ಅನಿಲದಿಂದ ಬರುತ್ತಿದೆ. ಅದು ಹೋಗುವುದು ತೈಲ ಸಂಸ್ಕರಣೆಗೆ ಮತ್ತು ಗೊಬ್ಬರ ಕಾರ್ಖಾನೆಗಳಿಗೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಸದಾಗಿ ತಯಾರಾಗುವ ಹೈಡ್ರೋಜನ್ ಮೊದಲು ಆ ಕಾರ್ಖಾನೆಗಳಿಗೇ ಸಲ್ಲಲಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕರಾವಳಿಯಲ್ಲಿ ಅದಕ್ಕೆ ಎಂದಾದರೂ ಸ್ಥಾನವಿದ್ದರೆ ಅದು ನೀರಿನ ಮೇಲೆ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಹೈಡ್ರೋಜನ್ ದೋಣಿಗೆ 2024ರ ಫೆಬ್ರವರಿಯಲ್ಲಿ ಚಾಲನೆ ದೊರೆತಿದೆ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಿಂದ ಹೊರಟು ದಿನಗಟ್ಟಲೆ ಕಡಲಲ್ಲೇ ಉಳಿಯುವ ಟ್ರಾಲರ್‌ಗೆ ಬ್ಯಾಟರಿ ಭಾರವಾದೀತು. ಅಡಿಕೆ ಹೇರಿಕೊಂಡು ಉತ್ತರ ಭಾರತಕ್ಕೆ ಹೋಗುವ ಲಾರಿಯವರಂತೂ ಸದ್ಯಕ್ಕೆ ಡೀಸೆಲ್ಲಿನಲ್ಲೇ ಇರಲಿ, ಅವರಿಗೆ ಬೇರೇನನ್ನೂ ಸೂಚಿಸುವ ಧೈರ್ಯ ನನಗಿಲ್ಲ.

ಪೇಟೆಗೆ ಹೋಗಿಬರುವ ಸ್ಕೂಟರಿನ ಮಾತು ಬೇರೆ. ಅದರ ಬ್ಯಾಟರಿ ಮೂರು ಯೂನಿಟ್ಟಿನಷ್ಟು. ಮಳೆಯ ನಡುವೆ ನಾಲ್ಕೈದು ತಾಸು ಕರೆಂಟು ಬಂದರೂ ತುಂಬಿಕೊಳ್ಳುತ್ತದೆ. ಆದ್ದರಿಂದ ಕಾರು ಕೊಳ್ಳಲು ಹೊರಟವರಲ್ಲಿ ನನ್ನ ವಿನಂತಿಯಿಷ್ಟೇ: ಬರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಿಮ್ಮ ಮನೆಯಲ್ಲಿ ಯಾವ ರಾತ್ರಿ ಎಷ್ಟು ತಾಸು ಕರೆಂಟು ಇತ್ತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ನೋಡಿಸಿ, ಅಕ್ಟೋಬರಿನಲ್ಲಿ ಶೋರೂಮಿಗೆ ಹೋಗಿ.